ಮಕ್ಕಳಿಗೆ ಉತ್ತರ ಕನ್ನಡ ತೋರಿಸಬೇಕಾ? ಯಕ್ಷಗಾನದ ಚೌಕಿಗೆ ಕರೆದುಕೊಂಡು ಹೋಗಿ

ರಜೆಯಲ್ಲಿ ಮಕ್ಕಳ ಜೊತೆ ಉತ್ತರ ಕನ್ನಡಕ್ಕೆ ಹೊರಟಿದ್ದೀರಾ? ದಿನಕ್ಕೆ ಐದು ಜಾಗ ಅಂತ ಸುಮ್ನೆ ಓಡಿಸಬೇಡಿ. ಮೊದಲ ಸಲ ನಾವೂ ಹಾಗೇ ಮಾಡಿದ್ದೆವು. ಮಗಳಿಗೆ ನೆನಪಿರುವುದು ಘಟ್ಟದ ತಿರುವಿನಲ್ಲಿ ವಾಂತಿ ಮಾಡಿಕೊಂಡಿದ್ದು ಮಾತ್ರ.

ಹೊನ್ನಾವರದಲ್ಲಿ ಎರಡು ದಿನ ಉಳಿಯಿರಿ. ಶರಾವತಿ ಪಕ್ಕದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆಯ ದಾರಿ ಇದೆ. ನೀರು ಇಳಿದ ಹೊತ್ತಿಗೆ ಹೋದರೆ ಬೇರುಗಳ ಸಂದಿಯಲ್ಲಿ ಏಡಿ ಹುಡುಕುತ್ತಾ ಮಕ್ಕಳು ಅಲ್ಲೇ ಕೂತುಬಿಡುತ್ತಾರೆ.

ಸುತ್ತಮುತ್ತ ಯಕ್ಷಗಾನ ಇದೆಯಾ ಕೇಳಿಕೊಳ್ಳಿ. ಮೇಳಗಳ ತಿರುಗಾಟ ಸಾಮಾನ್ಯವಾಗಿ ನವೆಂಬರಿನಿಂದ ಮೇ ತನಕ. ಆಟಕ್ಕಿಂತ ಒಂದೆರಡು ಗಂಟೆ ಮೊದಲೇ ಹೋಗಿ, ಮೇಳದವರನ್ನು ಕೇಳಿ, ಚೌಕಿ, ಅಂದರೆ ಕಲಾವಿದರು ವೇಷ ಕಟ್ಟುವ ಜಾಗ, ತೋರಿಸಿ. ಈಗಷ್ಟೇ ಲುಂಗಿಯಲ್ಲಿ ಚಾ ಕುಡಿಯುತ್ತಿದ್ದವರು ಮುಖಕ್ಕೆ ಬಣ್ಣ ಹಚ್ಚಿ, ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟಿ ಅಭಿಮನ್ಯು ಆಗುತ್ತಾರೆ! ನನ್ನ ಮಗಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಕಥೆ ಮೊದಲೇ ಹೇಳಿಟ್ಟಿರಿ, ಇಲ್ಲದಿದ್ದರೆ ಭಾಗವತರ ಹಾಡು ಜೋಗುಳ ಆಗುತ್ತದೆ. ಇಡೀ ರಾತ್ರಿ ಕೂರಿಸುವ ಹಟ ಬೇಡ. ನಿದ್ದೆ ಬಂದರೆ ಚಾಪೆ ಹಾಸಿ ಮಲಗಿಸಿ, ಊರವರೂ ಅದನ್ನೇ ಮಾಡುತ್ತಾರೆ.

ಘಟ್ಟ ಹತ್ತಿ ಶಿರಸಿಗೆ ಹೋದರೆ ತೊಡೆದೇವು ಎಂಬ ಸಿಹಿತಿಂಡಿ ತಿನ್ನಿಸಿ. ಕವುಚಿದ ಮಡಕೆಯ ಮೇಲೆ ಹಿಟ್ಟು ಸವರಿ ಕಾಗದದ ಹಾಗೆ ಎಬ್ಬಿಸುವುದನ್ನು ನೋಡಲು ಸಿಕ್ಕರಂತೂ ಬಿಡಲೇಬೇಡಿ.