ಬೆಂಗಳೂರಲ್ಲೇ ಹತ್ತಿಬಿಡ್ತೀವಿ ಅನ್ನೋರಿಗೆ

ಕೋಲಾರದಲ್ಲಿ ಟಿಕೆಟ್ ಬುಕಿಂಗ್ ನನ್ನ ಕೆಲಸ. ಮಗನ ಮನೆಗೋ, ಮಗಳ ಬಾಣಂತನಕ್ಕೋ ವಿದೇಶಕ್ಕೆ ಹೊರಟವರು ನನ್ನ ಹತ್ತಿರ ಬರುತ್ತಾರೆ. ಇತ್ತೀಚೆಗೆ ಒಂದು ಮಾತು ಜಾಸ್ತಿ ಕೇಳುತ್ತಿದ್ದೇನೆ. "ಸಾರ್, ಚೆನ್ನೈಯಿಂದ ಬೆಂಗಳೂರು ಮೇಲೆ ಫ್ರಾಂಕ್‌ಫರ್ಟಿಗೆ ಹೋಗೋ ಟಿಕೆಟ್ ಕಡಿಮೆಗೆ ಸಿಗ್ತಿದೆ. ಅದನ್ನೇ ಮಾಡಿಸಿ, ನಾವು ಬೆಂಗಳೂರಲ್ಲೇ ಹತ್ತಿಬಿಡ್ತೀವಿ."

ದರ ಹೀಗೆ ತೋರಿಸುವುದು ನಿಜ. ವಿಮಾನದ ದರ ಬರೀ ದೂರ ನೋಡಿ ಇಡುವುದಲ್ಲ, ಆ ಊರಲ್ಲಿ ಎಷ್ಟು ಪೈಪೋಟಿ ಇದೆ ಅಂತಲೂ ನೋಡುತ್ತಾರೆ. ಆದರೆ ಮುಳಬಾಗಿಲಿಂದ ಟಿಕೆಟ್ ಇದ್ದು ಕೋಲಾರದಲ್ಲಿ ಬಸ್ ಹತ್ತಿದಂತೆ ಇಲ್ಲಿ ನಡೆಯುವುದಿಲ್ಲ. ಚೆನ್ನೈಯಲ್ಲಿ ಹತ್ತದಿದ್ದರೆ ನೋ ಶೋ, ಅಂದರೆ ಪ್ರಯಾಣಿಕ ಬರಲೇ ಇಲ್ಲ ಅಂತ ಲೆಕ್ಕ. ಮುಂದಿನದೆಲ್ಲ ಕ್ಯಾನ್ಸಲ್, ವಾಪಸ್ ಬರುವ ಟಿಕೆಟ್ಟೂ ಸೇರಿ. ದೇವನಹಳ್ಳಿಯ ಕೌಂಟರಿನಲ್ಲಿ ನಿಂತು ಎಷ್ಟು ಬೇಡಿಕೊಂಡರೂ ಬೋರ್ಡಿಂಗ್ ಪಾಸ್ ಕೈಗೆ ಬರುವುದಿಲ್ಲ.

ಇನ್ನು ಕೆಲವರು ಕೊನೆಯ ತುಂಡು ಬಿಡುವ ಯೋಚನೆಯಲ್ಲಿರುತ್ತಾರೆ. ಅಗ್ಗಕ್ಕೆ ಸಿಗುತ್ತದೆ ಅಂತ ಫ್ರಾಂಕ್‌ಫರ್ಟ್ ಮೇಲೆ ಲಂಡನ್ನಿಗೆ ಟಿಕೆಟ್ ಮಾಡಿಸಿ ಫ್ರಾಂಕ್‌ಫರ್ಟಿನಲ್ಲೇ ಇಳಿಯುವುದು. ಅವರಿಗೆ ನಾನು ಮೊದಲು ಲಗೇಜ್ ಚೀಟಿ ತೋರಿಸುತ್ತೇನೆ. ಅದರ ಮೇಲೆ ದಪ್ಪಕ್ಷರದಲ್ಲಿರುವುದು ಕೊನೆಯ ಊರಿನ ಮೂರಕ್ಷರದ ಕೋಡ್. ಸೂಟ್‌ಕೇಸು ಅಲ್ಲಿಗೇ ಹೋಗುತ್ತದೆ. ಮಗಳಿಗೆ ಅಂತ ಕಟ್ಟಿದ ಚಟ್ನಿಪುಡಿ, ಬಾಣಂತಿ ಖಾರ ಎಲ್ಲ ಲಂಡನ್ನಿಗೆ, ನೀವು ಮಾತ್ರ ಜರ್ಮನಿಯಲ್ಲಿ. ನಮ್ಮ ಪಾಸ್‌ಪೋರ್ಟಿಗಂತೂ ಇನ್ನೊಂದು ತೊಡಕಿದೆ. ಟಿಕೆಟ್ಟಿನ ಕೊನೆಯ ದೇಶ ಬ್ರಿಟನ್ ಆದರೆ ಬ್ರಿಟನ್ ವೀಸಾವನ್ನು ಬೆಂಗಳೂರಲ್ಲೇ ಕೇಳುತ್ತಾರೆ. ಇಲ್ಲದಿದ್ದರೆ ಪ್ರಯಾಣ ಅಲ್ಲಿಗೇ ಮುಗಿಯಿತು. ಮೊದಲ ವಿಮಾನ ರದ್ದಾದರೂ ಅಷ್ಟೇ. ಕಂಪನಿ ಬೇರೆ ದಾರಿಯಲ್ಲಿ ಲಂಡನ್ನಿಗೆ ಕಳಿಸಬಹುದು, ಫ್ರಾಂಕ್‌ಫರ್ಟ್ ಮೇಲೆಯೇ ಕಳಿಸಬೇಕು ಅಂತ ಏನಿಲ್ಲ.

ಕಂಪನಿಗಳು ಇದನ್ನು ಸುಮ್ನೆ ಬಿಡುವುದೂ ಇಲ್ಲ. ಹೀಗೆ ಕೊನೆಯ ಹಾರಾಟ ಬಿಟ್ಟ ಒಬ್ಬ ಪ್ರಯಾಣಿಕನ ಮೇಲೆ ಜರ್ಮನಿಯ ವಿಮಾನ ಕಂಪನಿ ಲುಫ್ತಾನ್ಸಾ ಬರ್ಲಿನ್ ಕೋರ್ಟಿಗೆ ಹೋಗಿತ್ತು, 2,000 ಯೂರೋಗಿಂತ ಜಾಸ್ತಿ ಕೇಳಿ. 2018ರಲ್ಲಿ ಕೆಳ ಕೋರ್ಟು ಕೇಸನ್ನು ವಜಾ ಮಾಡಿತು, ಸರಿ. ಆದರೆ ಬಾಣಂತನಕ್ಕೆ ಹೊರಟವರಿಗೆ ಕೋರ್ಟು ಅಲೆಯುವ ಪಾಡು ಯಾಕೆ? ಹಾರಾಟಕ್ಕೆ ಪಾಯಿಂಟ್ ಸೇರುವ ಮೈಲ್ಸ್ ಖಾತೆ ಮುಚ್ಚುವುದೂ ಉಂಟು, ಬುಕ್ ಮಾಡಿದ ಏಜೆಂಟಿಗೆ ಡೆಬಿಟ್ ಮೆಮೊ, ಅಂದರೆ ದುಡ್ಡು ಕಟ್ಟು ಅಂತ ಕಂಪನಿಯ ಚೀಟಿ, ಬರುವುದೂ ಉಂಟು.

ನಾನು ಮಾಡುವುದು ಇಷ್ಟು. ಚೆನ್ನೈ ದರ ನಿಜವಾಗಿಯೂ ಅಗ್ಗ ಇದ್ದರೆ, ಚೆನ್ನೈಯಿಂದಲೇ ಹತ್ತಿಸುತ್ತೇನೆ. ಬಂಗಾರಪೇಟೆಯಲ್ಲಿ ರೈಲು ಹತ್ತಿದರೆ ಸಾಕು, ಅಲ್ವಾ? ರೈಲು ಚಾರ್ಜು, ಆಟೋ, ಬೇಕಾದರೆ ಒಂದು ರಾತ್ರಿಯ ರೂಮು, ಎಲ್ಲ ಕೂಡಿ ಹಾಳೆಯ ಮೇಲೆ ಬರೆದು ತೋರಿಸುತ್ತೇನೆ. ಎಷ್ಟೋ ಸಲ ಉಳಿತಾಯ ಅಲ್ಲೇ ಕರಗಿಹೋಗುತ್ತದೆ. ಉಳಿದರೆ, ಹೋಗುವ ಊರು ಬರುವ ಊರು ಬೇರೆ ಬೇರೆ ಹಾಕಬಹುದಾದ ಮಲ್ಟಿ ಸಿಟಿ ಬುಕಿಂಗಿನಲ್ಲಿ ಹೋಗುವುದು ಚೆನ್ನೈಯಿಂದ, ಬರುವುದು ನೇರ ಬೆಂಗಳೂರಿಗೆ ಅಂತ ಹಾಕಿ ನೋಡುತ್ತೇನೆ. ವಯಸ್ಸಾದವರಿಗೆ ಇದೇ ಒಳ್ಳೆಯದು, ಸುಸ್ತಾಗಿ ಬಂದ ಮೇಲೆ ಮತ್ತೆ ರೈಲು ಬೇಡ.

ಕೊನೇ ಗಳಿಗೆಯಲ್ಲಿ ಚೆನ್ನೈಗೆ ಹೋಗಲು ಆಗದೇ ಹೋದರೆ, ಮೊದಲ ವಿಮಾನ ಹೊರಡುವ ಮೊದಲೇ ನನಗೆ ಫೋನ್ ಮಾಡಿ ಅಂತ ಹೇಳಿರುತ್ತೇನೆ. ವ್ಯತ್ಯಾಸದ ದುಡ್ಡು ಕಟ್ಟಿ ಟಿಕೆಟ್ ಬದಲಾಯಿಸಲು ಆಗ ಇನ್ನೂ ದಾರಿ ಇರುತ್ತದೆ.