ಡೆಟ್ರಾಯಿಟ್‌ಗೆ ಹೊಸದಾಗಿ ಬಂದವರಿಗೆ

ಕೆಲಸಕ್ಕೆಂದು ಡೆಟ್ರಾಯಿಟ್‌ಗೆ ಬರುವ ನಮ್ಮವರಲ್ಲಿ ಬಹಳಷ್ಟು ಮಂದಿ ಡೆಟ್ರಾಯಿಟ್‌ನಲ್ಲಿ ಮನೆ ಮಾಡುವುದಿಲ್ಲ. ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್, ಕ್ಯಾಂಟನ್ ಹೀಗೆ ಹೊರವಲಯದ ಊರುಗಳಲ್ಲಿ ನೆಲೆಸುತ್ತಾರೆ. ಒಳ್ಳೆಯ ಶಾಲೆ, ದೇವಸ್ಥಾನ, ನಮ್ಮ ದಿನಸಿ ಅಂಗಡಿ ಎಲ್ಲವೂ ಅಲ್ಲೇ ಇರುವಾಗ ಇದು ಸಹಜವೇ. ಆದರೆ ಎಷ್ಟೋ ವರ್ಷ ಇಲ್ಲಿದ್ದೂ, "ನಗರದ ಕಡೆ ಹೋಗಬೇಡಿ" ಎಂಬ ಒಂದೇ ಮಾತನ್ನು ಹೊಸಬರಿಗೆ ಹೇಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ನಮಗೆ ಅನ್ನ ಹಾಕುತ್ತಿರುವ ಕಾರು ಉದ್ಯಮ ಬೆಳೆದದ್ದು ಆ ನಗರದಲ್ಲಿ.

ಮೊದಲು ಪಿಕೆಟ್ ಅವೆನ್ಯೂದಲ್ಲಿರುವ ಫೋರ್ಡ್‌ನ ಹಳೆಯ ಕಾರ್ಖಾನೆಗೆ ಹೋಗಿ. ಮೂರಂತಸ್ತಿನ ಇಟ್ಟಿಗೆ ಕಟ್ಟಡ, ಮರದ ನೆಲ. 1908ರಲ್ಲಿ ಮಾಡೆಲ್ ಟಿ ಕಾರು ರೂಪುಗೊಂಡದ್ದು ಇಲ್ಲಿ. ಬೇಡಿಕೆಗೆ ಈ ಜಾಗ ಸಾಲದಾದಾಗ ಫೋರ್ಡ್ ಹೈಲ್ಯಾಂಡ್ ಪಾರ್ಕ್‌ಗೆ ಹೋಯಿತು. 1913ರಲ್ಲಿ ಅಲ್ಲಿ ಚಲಿಸುವ ಜೋಡಣಾ ಸಾಲು ಬಂದ ಮೇಲೆ, ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿ (ಕಾರಿನ ತಳಚೌಕಟ್ಟು) ಜೋಡಣೆ ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಆದರೆ ದಿನವಿಡೀ ಒಂದೇ ಬೋಲ್ಟ್ ತಿರುಗಿಸುತ್ತಾ ನಿಲ್ಲುವುದು ಯಾರಿಗೆ ಬೇಕು? ಜನ ಕೆಲಸ ಬಿಟ್ಟು ಹೋಗುತ್ತಲೇ ಇದ್ದರು. 1914ರ 5 ಡಾಲರ್ ದಿನಗೂಲಿಗೆ ಮುಖ್ಯ ಕಾರಣ ಇದೇ ಹೊರತು ಬರೀ ಔದಾರ್ಯವಲ್ಲ.

ಆ ಕೂಲಿಯ ಆಸೆಗೆ ಯುರೋಪಿನಿಂದಲೂ ಅಮೆರಿಕದ ದಕ್ಷಿಣ ರಾಜ್ಯಗಳಿಂದಲೂ ಜನ ಬಂದರು. 1950ರಲ್ಲಿ ನಗರದ ಜನಸಂಖ್ಯೆ 18.5 ಲಕ್ಷ, 2020ರಲ್ಲಿ ಸುಮಾರು 6.4 ಲಕ್ಷ. ಈ ಕುಸಿತಕ್ಕೆಲ್ಲ ಜಪಾನಿನ ಕಾರುಗಳೇ ಕಾರಣ ಎನ್ನುವವರ ಮಾತನ್ನು ಪೂರ್ತಿ ನಂಬಬೇಡಿ. ಅವು ಬರುವ ಮೊದಲೇ ಕಾರ್ಖಾನೆಗಳು ವಿಶಾಲವಾದ ಜಾಗ ಹುಡುಕಿ ಹೊರಗೆ ಹೊರಟಿದ್ದವು. ಹೊಸ ಹೆದ್ದಾರಿ ಹಿಡಿದು ಬಿಳಿಯರು ಅವುಗಳ ಹಿಂದೆ ಹೋದರು. ಕಪ್ಪು ಜನರಿಗೆ ಆ ಬಡಾವಣೆಗಳಲ್ಲಿ ಮನೆಯೂ ಸಿಗಲಿಲ್ಲ, ಬ್ಯಾಂಕಿನ ಸಾಲವೂ ಸಿಗಲಿಲ್ಲ. ಹೇಸ್ಟಿಂಗ್ಸ್ ಬೀದಿಯ ಸುತ್ತ ಅವರು ಕಟ್ಟಿಕೊಂಡಿದ್ದ ವ್ಯಾಪಾರವೂ ಹೆದ್ದಾರಿಗಾಗಿ ನೆಲಸಮವಾಯಿತು. 1967ರಲ್ಲಿ ನಗರದಲ್ಲಿ ಎದ್ದ ಜನಾಂಗೀಯ ದಂಗೆಯಲ್ಲಿ 43 ಮಂದಿ ಸತ್ತರು. ನಗರದ ಉತ್ತರದ ಗಡಿಯಾದ ಏಟ್ ಮೈಲ್ ರಸ್ತೆ ದಾಟಿದೊಡನೆ ಬೀದಿಯ ಚಹರೆ ಏಕೆ ಬದಲಾಗುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ.

ಇನ್ನು ನಿಮ್ಮ ಕೆಲಸದ ವಿಷಯ. ಕಾರು ಮಾರಾಟ ಕುಸಿದರೆ ಅದರ ಬಿಸಿ ಬಿಡಿಭಾಗ ಪೂರೈಸುವ ಕಂಪನಿಗಳಿಗೂ ಗುತ್ತಿಗೆಯ ಎಂಜಿನಿಯರುಗಳಿಗೂ ಬೇಗ ತಟ್ಟುತ್ತದೆ. 2009ರಲ್ಲಿ ಜನರಲ್ ಮೋಟಾರ್ಸ್, ಕ್ರೈಸ್ಲರ್‌ಗಳೇ ದಿವಾಳಿ ಅರ್ಜಿ ಹಾಕಿದ್ದವು. ಎಚ್-1ಬಿ (ಕಂಪನಿಯ ಕೆಲಸಕ್ಕೆಂದು ಕೊಡುವ) ವೀಸಾದವರಿಗೆ ಕೆಲಸ ಹೋದರೆ, ಬೇರೆ ಕೆಲಸ ಹುಡುಕಿಕೊಳ್ಳಲು ಇಲ್ಲವೇ ದೇಶ ಬಿಡಲು ಸಿಗುವ ಗಡುವು ಹೆಚ್ಚೆಂದರೆ 60 ದಿನ. ಆದ್ದರಿಂದ ಬಂದ ವರ್ಷವೇ ದೊಡ್ಡ ಮನೆಗೆ ಕೈಹಾಕಬೇಡಿ. ಆರು ತಿಂಗಳ ಖರ್ಚು ಕೈಯಲ್ಲಿರಲಿ.

ಚಳಿಗಾಲದ ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಡೆಟ್ರಾಯಿಟ್ ಕಲಾ ಸಂಗ್ರಹಾಲಯಕ್ಕೆ ಹೋಗಿ. ಮೆಕ್ಸಿಕೋದ ಕಲಾವಿದ ಡಿಯಾಗೊ ರಿವೆರಾ 1932-33ರಲ್ಲಿ ಬರೆದ ಭಿತ್ತಿಚಿತ್ರಗಳು ಅಲ್ಲಿ ನಾಲ್ಕೂ ಗೋಡೆ ತುಂಬಿವೆ. ಉತ್ತರದ ಗೋಡೆಯಲ್ಲಿ ವಿ-8 ಎಂಜಿನ್ ತಯಾರಾಗುತ್ತಿದೆ. ಬಾಗಿದ ಬೆನ್ನು, ಬಿಗಿದ ತೋಳುಗಳ ಕಾರ್ಮಿಕರು ಸಾಲಾಗಿ ನಿಂತು ಎಳೆಯುತ್ತಿದ್ದಾರೆ, ತಳ್ಳುತ್ತಿದ್ದಾರೆ. 2013ರಲ್ಲಿ ನಗರವೇ ದಿವಾಳಿಯಾದಾಗ ಸಾಲ ಕೊಟ್ಟವರ ಕಣ್ಣು ಈ ಸಂಗ್ರಹಾಲಯದ ಕಲಾಕೃತಿಗಳ ಮೇಲೆ ಬಿದ್ದಿತ್ತು. ದತ್ತಿ ಸಂಸ್ಥೆಗಳೂ ರಾಜ್ಯ ಸರ್ಕಾರವೂ ಹಣ ಹಾಕಿ ಕಲಾಕೃತಿಗಳನ್ನು ಉಳಿಸಿದವು. ನಗರದ ನಿವೃತ್ತ ನೌಕರರ ಪಿಂಚಣಿಗೆ ಬೀಳಲಿದ್ದ ಕತ್ತರಿಯೂ ಅದರಿಂದ ಚಿಕ್ಕದಾಯಿತು. ವೇಯ್ನ್, ಓಕ್‌ಲ್ಯಾಂಡ್, ಮಕೋಂಬ್ ಕೌಂಟಿಗಳ ನಿವಾಸಿಗಳಿಗೆ ಪ್ರವೇಶ ಉಚಿತ, ಏಕೆಂದರೆ ಅಲ್ಲಿನ ಮನೆ ತೆರಿಗೆಯಲ್ಲಿ ಅದರ ಪಾಲಿದೆ. ವಿಳಾಸವಿರುವ ಡ್ರೈವಿಂಗ್ ಲೈಸೆನ್ಸ್ ಜೊತೆಗಿರಲಿ.