ಕೊನೆಯ ಮೂರು ಮಿಲಿಮೀಟರ್

ಜುಲೈನ ಜಡಿಮಳೆ. ಗೋಣಿಕೊಪ್ಪದ ನನ್ನ ಕ್ಲಿನಿಕ್‌ಗೆ ಕಾಫಿ ಬೆಳೆಗಾರರೊಬ್ಬರು ಬಂದರು. ಕೆಳಗಿನ ದವಡೆ ಹಲ್ಲಿಗೆ ಏಳೆಂಟು ವರ್ಷದ ಹಿಂದೆ ಬೇರೆ ಕಡೆ ರೂಟ್ ಕೆನಾಲ್ ಆಗಿತ್ತು. ಈಗ ಕಚ್ಚಿದರೆ ನೋವು. "ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯೋ ಕೆಲಸ ನಡೀತಾ ಇದೆ ಡಾಕ್ಟ್ರೇ, ಒಂದು ಗಂಟೇಲಿ ಬಿಟ್ಟುಬಿಡಿ" ಅಂದರು. ಎಕ್ಸ್‌ರೇ ನೋಡಿದೆ. ಮುಂದಿನ ಬೇರಿನ ಫಿಲ್ಲಿಂಗ್ ತುದಿಗಿಂತ 3 ಮಿ.ಮೀ. ಮೇಲೇ ನಿಂತಿತ್ತು, ಬೇರಿನ ಕೆಳಗೆ ಸೋಂಕಿನ ಕಪ್ಪು ನೆರಳು. ಹಳೇ ಫಿಲ್ಲಿಂಗ್ ಪೂರ್ತಿ ತೆಗೆದು ಮತ್ತೆ ಮಾಡಬೇಕು, ಒಂದು ಗಂಟೆಯ ಕೆಲಸ ಇದಲ್ಲ.

ಕ್ಯಾಪ್ ತೆಗೆದು, ಹಲ್ಲಿನ ಸುತ್ತ ಎಂಜಲು ತಡೆಯುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಹಾಕಿದೆ. ಹಿಂದಿನ ಬೇರು ಕಷ್ಟ ಕೊಡಲಿಲ್ಲ. ಒಳಗೆ ತುಂಬಿದ್ದ ರಬ್ಬರಿನಂಥ ಗಟ್ಟಾ ಪರ್ಚಾ ಪಕ್ಕದಲ್ಲಿ ಎಚ್ ಫೈಲ್, ಅಂದರೆ ಅರದಂಥ ಸಣ್ಣ ಸೂಜಿ ಇಳಿಸಿ, ಸ್ವಲ್ಪ ತಿರುಗಿಸಿ ಎಳೆದೆ. ಇಡೀ ಗುಲಾಬಿ ಕಡ್ಡಿ ಫೈಲಿನ ಜೊತೆಗೇ ಬಂತು. ತುದಿ ಕಪ್ಪಾಗಿತ್ತು, ಕೆಟ್ಟ ವಾಸನೆ ಬೇರೆ. ಅಷ್ಟು ಸಲೀಸಾಗಿ ಬಂತು ಅಂದರೆ ಅದು ಸೀಲ್ ಆಗಿರಲೇ ಇಲ್ಲ, ಅಲ್ವಾ?

ಮುಂದಿನ ಬೇರಿನ ಎರಡು ಕಾಲುವೆಗಳಿಗೆ ರಿಟ್ರೀಟ್‌ಮೆಂಟ್ ಫೈಲ್ ಡಿ1 ಹಾಕಿದೆ, ಮೋಟಾರಿನಲ್ಲಿ ನಿಮಿಷಕ್ಕೆ 500 ಸುತ್ತು. ಉಜ್ಜುವ ಬಿಸಿಗೆ ಗಟ್ಟಾ ಪರ್ಚಾ ಮೆತ್ತಗಾಗಿ, ನೂಲಿನ ಹಾಗೆ ಫೈಲಿಗೆ ಸುತ್ತಿಕೊಂಡು ಮೇಲೆ ಬರುತ್ತದೆ. ಪ್ರತಿ ಸಲ ಗಾಜ್ ಬಟ್ಟೆಯಲ್ಲಿ ಫೈಲ್ ಒರೆಸಬೇಕು. ಡಿ1ರ ತುದಿ ಕೊರೆಯುವಂಥದ್ದು, ಅದಕ್ಕೇ ಮೇಲಿನ ಭಾಗಕ್ಕೆ ಮಾತ್ರ. ಬಾಗಿದ ಜಾಗಕ್ಕೆ ಬಿಟ್ಟರೆ ಬೇರಿಗೇ ತೂತು ಬಿದ್ದೀತು. ನಡುವಿನ ಭಾಗಕ್ಕೆ ಡಿ2. ಅಷ್ಟರಲ್ಲಿ ಕರೆಂಟ್ ಹೋಯಿತು, ಇನ್ವರ್ಟರ್ ಬೆಳಕಿನಲ್ಲಿ ಮುಂದುವರಿದೆ. ಹೇಗೂ ಕೊನೆಯ ಭಾಗ ನಾನು ಕೈಯಲ್ಲೇ ಮಾಡೋದು.

ಶುರುವಿನ ವರ್ಷಗಳಲ್ಲಿ ನಾನು ಮೊದಲಿಗೇ ಗಟ್ಟಾ ಪರ್ಚಾ ಕರಗಿಸುವ ಕ್ಸೈಲಿನ್ ಸುರಿಯುತ್ತಿದ್ದೆ. ಎಲ್ಲ ಗೋಂದಾಗಿ ಗೋಡೆಗೆ ಮೆತ್ತಿಕೊಳ್ಳುತ್ತಿತ್ತು, ತೊಳೆದಷ್ಟೂ ಬಿಡುತ್ತಿರಲಿಲ್ಲ. ಈಗ ಫೈಲ್ ಮುಂದಕ್ಕೇ ಹೋಗದಿದ್ದಾಗ ಒಂದೇ ಹನಿ. ಎರಡು ನಿಮಿಷ ಸುಮ್ನೆ ಕಾಯುತ್ತೇನೆ. ಆಮೇಲೆ ತುದಿ ಸ್ವಲ್ಪ ಬಗ್ಗಿಸಿದ 15ನೇ ನಂಬರಿನ ಸಪೂರ ಫೈಲ್, ಕಾಲು ಸುತ್ತು ಆ ಕಡೆ, ಕಾಲು ಸುತ್ತು ಈ ಕಡೆ. ಒತ್ತಲೇಬಾರದು. ಬೆರಳಿಗೆ ಅಂಟು ಹಿಡಿದ ಹಾಗನ್ನಿಸಿದರೆ ಅದು ಗಟ್ಟಾ ಪರ್ಚಾ, ದಾರಿ ಅಲ್ಲೇ ಇದೆ. ಟಕ್ ಅಂತ ಗಟ್ಟಿಯಾಗಿ ತಾಗಿದರೆ ಹಿಂದಿನ ಡಾಕ್ಟರು ಕಾಲುವೆಯ ಗೋಡೆಯಲ್ಲಿ ಮಾಡಿಟ್ಟ ಮೆಟ್ಟಿಲು. ಇವರಲ್ಲಿ ಎರಡೂ ಇತ್ತು. ಇಪ್ಪತ್ತು ನಿಮಿಷ ತಡಕಾಡಿದ ಮೇಲೆ ಫೈಲ್ ಜಾರಿ ಕೆಳಗಿಳಿಯಿತು. ಬೇರಿನ ತುದಿ ಗುರುತಿಸುವ ಅಪೆಕ್ಸ್ ಲೊಕೇಟರ್ ಕೂಗಿದಾಗ ಸಿಸ್ಟರ್ ಮುಖದಲ್ಲೂ ನಗು.

ಪೇಪರ್ ಪಾಯಿಂಟ್, ಅಂದರೆ ಸಪೂರ ಕಾಗದದ ಕಡ್ಡಿ, ಗುಲಾಬಿ ಬರೋದು ನಿಲ್ಲೋವರೆಗೆ ಒರೆಸಿ, ಹೈಪೋಕ್ಲೋರೈಟ್‌ನಲ್ಲಿ ಚೆನ್ನಾಗಿ ತೊಳೆದು, ಔಷಧಿಯಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿದೆ. ಎರಡು ವಾರ ಬಿಟ್ಟು ಬರಲು ಹೇಳಿದೆ. ಅವರು ಗಾಜ್ ಮೇಲಿನ ಗುಲಾಬಿ ಚೂರುಗಳನ್ನು ನೋಡಿ, "ಎರಡು ಗಂಟೆ ಕೂರಿಸಿ ತೆಗೆದದ್ದು ಇಷ್ಟೇನಾ?" ಅಂದರು.